ಕೋರ್ಟಿನ ಮೆಟ್ಟಿಲಿಗೆ ಮುಂಚಿನ ಜಗುಲಿ

(ನಮ್ಮ ಕೂಟದ ರಾಜ್ಯೋತ್ಸವ ಸಮಾರಂಭದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ರಾಜ್ಯೋತ್ಸವದ ಉಪನ್ಯಾಸವು ಕದಂಬರಿಂದಲೋ ಕವಿರಾಜಮಾರ್ಗದಿಂದಲೋ ಆರಂಭವಾಗಬೇಕೆಂಬುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ. ಈ ಸಲ ಅದನ್ನು ಮುರಿಯುವುದಕ್ಕೆ ತಮ್ಮ ಕ್ಷಮೆ ಕೋರುತ್ತೇನೆ. ನಮ್ಮಲ್ಲಿ ಅನೇಕರ ಅಂಚೆಪೆಟ್ಟಿಗೆಗೆ ಆಗಾಗ ಬಂದು ಬೀಳುವ ಒಂದು ಲಕೋಟೆಯಿಂದ ನಾನು ಮಾತು ಆರಂಭಿಸುತ್ತೇನೆ. ಅದು ಗೃಹಸ್ವಾಮಿಗಳ ಸಂಘದ, ಎಂದರೆ ಹೋಮ್ ಓನರ್ಸ್ ಅಸೋಸಿಯೇಷನ್ನಿನ ಲಕೋಟೆ. ವಿಷಯವನ್ನು ತಿಳಿಸಿದಾಗ ಕಾರ್ಯದರ್ಶಿಗಳು ನಕ್ಕು, "ಡಾಕ್ಟರೇ, ರಕ್ತದೊತ್ತಡದ ಬಗ್ಗೆ ಮಾತಾಡುತ್ತೀರಿ ಅಂದುಕೊಂಡಿದ್ದೆ" ಎಂದರು. ಎರಡೂ ಒಂದೇ ವಿಷಯವೆಂದು ಉತ್ತರಿಸಿದೆ.

ನಾನು ವಕೀಲನಲ್ಲ. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಷಿಕಾಗೋದಲ್ಲಿ ರೆಸಿಡೆನ್ಸಿ ಮಾಡಿ, ಬಳಿಕ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದ ಒಬ್ಬ ವೈದ್ಯ. ಈ ವಿಷಯದ ಚರಿತ್ರೆಯನ್ನು ಓದುವಂತೆ ಮಾಡಿದ್ದು ನನ್ನದೇ ಒಂದು ಅವಿವೇಕ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ.

2004ರಲ್ಲಿ ನಾವು ಮನೆ ಕೊಂಡೆವು. 2006ರ ಬೇಸಿಗೆಯಲ್ಲಿ ಧಾರವಾಡದಿಂದ ನನ್ನ ತಾಯಿ ಬಂದರು. ಮನೆಯನ್ನೆಲ್ಲ ಸುತ್ತಿ ನೋಡಿ, "ಅಂಗಳದಾಗ ತುಳಸಿಕಟ್ಟಿ ಇಲ್ಲದ ಮನಿ ಏನ್ ಮನಿಯಪ್ಪಾ" ಎಂದರು. ಮರುವಾರವೇ ಮನೆಯ ಮುಂದಿನ ಹುಲ್ಲುಹಾಸಿನ ಅಂಚಿನಲ್ಲಿ ಇಟ್ಟಿಗೆ ಸಿಮೆಂಟಿನ ತುಳಸಿಕಟ್ಟೆ ಎದ್ದಿತು. ಸಂಘದ ವಾಸ್ತು ಸಮಿತಿಗೆ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕೆಂಬ ನಿಯಮ ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಮನೆ ಕೊಂಡಾಗ ಕೈಗಿತ್ತ ದಪ್ಪನೆಯ ಕರಾರುಪತ್ರದಲ್ಲಿ ಅದು ಇದ್ದೇ ಇತ್ತು, ನಾನು ಓದಿರಲಿಲ್ಲ. ಮೊದಲ ಪತ್ರ ಬಂತು: ಅನಧಿಕೃತ ಕಟ್ಟಡವನ್ನು ತೆಗೆಯತಕ್ಕದ್ದು. ಎರಡನೆಯದು ವಿಚಾರಣೆಯ ದಿನಾಂಕವನ್ನು ತಿಳಿಸಿತು. ಅಂದು ನನಗೆ ರಾತ್ರಿಪಾಳಿ, ಹೋಗಲಿಲ್ಲ. ಮೂರನೆಯದರಲ್ಲಿ ದಂಡ, ನಾಲ್ಕನೆಯದರಲ್ಲಿ ಇನ್ನಷ್ಟು ದಂಡ. ಒಂದು ಗಿಡದ ವಿಷಯದಲ್ಲಿ ಇವರಿಗೆ ಇಷ್ಟು ದ್ವೇಷವೇಕೆ, ಇದು ನಮ್ಮ ಧರ್ಮದ ಮೇಲಿನ ತಾತ್ಸಾರವಲ್ಲದೆ ಮತ್ತೇನು ಎಂದು ನಾನು ನಿಶ್ಚಯಿಸಿಬಿಟ್ಟಿದ್ದೆ. ಐದನೆಯ ಪತ್ರ ಸಂಘದ ವಕೀಲರಿಂದ ಬಂದಾಗ ನಾನೂ ಒಬ್ಬ ವಕೀಲರಲ್ಲಿಗೆ ಹೋದೆ. ಅವರು ನನ್ನ ಕಡತವನ್ನು ತಿರುವಿ, ಸಂಘ ವರ್ಷಕ್ಕೊಮ್ಮೆ ಕಳಿಸುವ ಪ್ರಕಟಣೆಯ ಕೊನೆಯ ಪುಟದ ಮೇಲೆ ಬೆರಳಿಟ್ಟು, "ನನಗೆ ಹಣ ಕೊಡುವ ಮುಂಚೆ ಇಲ್ಲಿ ಬರೆದಿರುವಂತೆ ಹೋಗಿ ಅವರೊಡನೆ ಕೂತು ಮಾತಾಡಿ ಬನ್ನಿ. ಇದಕ್ಕೆ ಶುಲ್ಕವಿಲ್ಲ" ಎಂದರು.

ಆ ಮಾತುಕತೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಆ ಪುಟ ಅಲ್ಲಿಗೆ ಬಂದದ್ದು ಹೇಗೆ ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಕಥೆ ಆರಂಭವಾಗುವುದು ಲಂಡನ್ ನಗರದ ಲೆಸ್ಟರ್ ಸ್ಕ್ವೇರ್ ಎಂಬ ತೋಟದಲ್ಲಿ. 1808ರಲ್ಲಿ ಅದರ ಒಡೆಯನು ತೋಟವನ್ನು ಮಾರುವಾಗ, ಇದು ಸದಾ ತೋಟವಾಗಿಯೇ ಉಳಿಯಬೇಕು, ಕಟ್ಟಡ ಕಟ್ಟಕೂಡದು ಎಂಬ ಕರಾರನ್ನು ಕ್ರಯಪತ್ರದಲ್ಲಿ ಬರೆಸಿದ. ತೋಟ ಕೈಯಿಂದ ಕೈಗೆ ಹೋಯಿತು. ಕೊನೆಗೆ ಕೊಂಡವನು, ಆ ಕರಾರಿಗೆ ನಾನು ರುಜು ಹಾಕಿಲ್ಲವಾದ್ದರಿಂದ ಅದು ನನ್ನನ್ನು ಕಟ್ಟುವುದಿಲ್ಲ ಎಂದು ವಾದಿಸಿದ. 1848ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಕರಾರು ಇದೆಯೆಂದು ತಿಳಿದೇ ಕೊಂಡವನು ಅದಕ್ಕೆ ಬದ್ಧ ಎಂದು ತೀರ್ಪಿತ್ತಿತು. ಟಲ್ಕ್ ಮತ್ತು ಮಾಕ್ಸ್‌ಹೇ ಮೊಕದ್ದಮೆಯೆಂದು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುವುದು ಇದನ್ನೇ. ಮನುಷ್ಯರ ನಡುವಣ ಮಾತು ಇಲ್ಲಿ ನೆಲಕ್ಕೇ ಅಂಟಿಕೊಂಡಿತು. ನಾವು ಎಂದೂ ಕಾಣದ ಯಾರೋ ಬಿಲ್ಡರ್ ಬರೆಸಿದ ನಿಯಮ ನಮ್ಮ ಅಂಗಳದ ತುಳಸಿಯನ್ನು ಹಿಡಿಯುವುದಕ್ಕೆ ಮೂಲಕಾರಣ ಇದೇ.

ಅದೇ ಕಾಲದಲ್ಲಿ, 1844ರಲ್ಲಿ, ಬಾಸ್ಟನ್ನಿನ ಲೂಯಿಸ್‌ಬರ್ಗ್ ಸ್ಕ್ವೇರಿನ ಮನೆಯೊಡೆಯರು ತಮ್ಮ ನಡುವಣ ಹಸಿರು ಚೌಕವನ್ನು ಒಟ್ಟಾಗಿ ನೋಡಿಕೊಳ್ಳಲು ಕರಾರು ಮಾಡಿಕೊಂಡರು. ಈ ದೇಶದ ಮೊದಲ ಗೃಹಸ್ವಾಮಿಗಳ ಸಂಘ ಅದೇ ಎಂದು ಹಲವರು ಹೇಳುತ್ತಾರೆ. ಆದರೆ ಸಂಘಕ್ಕೆ ನಿಜವಾದ ಬಲ ಬಂದದ್ದು 1938ರಲ್ಲಿ. ನ್ಯೂಯಾರ್ಕಿನ ಸಮುದ್ರತೀರದ ನೆಪಾನ್ಸಿಟ್ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ಕಡಲತೀರಗಳ ನಿರ್ವಹಣೆಗಾಗಿ ನಿವೇಶನವೊಂದಕ್ಕೆ ವರ್ಷಕ್ಕೆ 4 ಡಾಲರಿಗೆ ಮೀರದ ವಂತಿಗೆಯಿತ್ತು. ಹರಾಜಿನಲ್ಲಿ ನಿವೇಶನ ಕೊಂಡ ಬ್ಯಾಂಕೊಂದು ಅದನ್ನು ಕೊಡಲು ನಿರಾಕರಿಸಿತು. ರಾಜ್ಯದ ಅತ್ಯುಚ್ಚ ನ್ಯಾಯಾಲಯ ಸಂಘದ ಪರವಾಗಿ ನಿಂತಿತು. ವಂತಿಗೆಯ ಬಾಧ್ಯತೆ ನೆಲದೊಡನೆ ಸಾಗುತ್ತದೆ, ಸಂಘವು ಅದಕ್ಕಾಗಿ ದಾವೆ ಹೂಡಬಹುದು ಎಂದಿತು.

ಈ ಚರಿತ್ರೆಯ ಕರಾಳ ಅಧ್ಯಾಯವನ್ನು ಇಲ್ಲಿ ಬಿಟ್ಟು ಮುಂದೆ ಹೋಗಲಾಗದು. ಕಾನ್ಸಾಸ್ ಸಿಟಿಯಲ್ಲಿ ಜೆ.ಸಿ. ನಿಕೋಲ್ಸ್ ಎಂಬ ಬಡಾವಣೆಗಾರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸುಂದರವಾದ ಬೀದಿಗಳನ್ನು ನಿರ್ಮಿಸಿ, ಅವುಗಳ ಕರಾರನ್ನು ಕಾಪಾಡಲು ಸಂಘಗಳನ್ನು ಸ್ಥಾಪಿಸಿದ. ಆ ಕರಾರುಗಳಲ್ಲಿ ಮನೆಯ ಎತ್ತರ, ಬೇಲಿಯ ಅಳತೆಗಳ ಜೊತೆಗೆ, ಕರಿಯರಿಗೆ ಮನೆಯನ್ನು ಮಾರಕೂಡದು ಎಂಬ ಷರತ್ತೂ ಇತ್ತು. ದೇಶದ ಅನೇಕ ಕಡೆ, ಅದರಲ್ಲೂ ಪಶ್ಚಿಮ ಕರಾವಳಿಯಲ್ಲಿ, ಏಷ್ಯಾದವರನ್ನೂ ಹೊರಗಿಡುವ ಕರಾರುಗಳಿದ್ದವು. 1948ರಲ್ಲಿ ಶೆಲ್ಲಿ ಮತ್ತು ಕ್ರೇಮರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇಂಥ ಕರಾರನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸಕೂಡದೆಂದು ಹೇಳಿತು. ಜನಾಂಗದ ಕಾರಣಕ್ಕೆ ಮನೆ ನಿರಾಕರಿಸುವುದನ್ನೇ ನಿಷೇಧಿಸುವ ಫೇರ್ ಹೌಸಿಂಗ್ ಕಾಯಿದೆ ಬರಲು ಇನ್ನೂ 20 ವರ್ಷ, ಎಂದರೆ 1968ರವರೆಗೆ ಕಾಯಬೇಕಾಯಿತು. 1965ರ ವಲಸೆ ಕಾಯಿದೆಯ ನಂತರ ಇಲ್ಲಿಗೆ ಬಂದ ನಮ್ಮ ಹಿರಿಯರು ಮನೆ ಕೊಳ್ಳಲು ಹೊರಟದ್ದು ಆ ಬಾಗಿಲು ತೆರೆದುಕೊಂಡ ಹೊಸತರಲ್ಲಿ. ಸಂಘದ ಪತ್ರವನ್ನು ಕಂಡೊಡನೆ ನಮ್ಮಲ್ಲಿ ಕೆಲವರಿಗೆ ಅನುಮಾನ ಏಳುವುದು ತೀರ ನಿರಾಧಾರವೇನಲ್ಲ. ನನ್ನ ವಿಷಯದಲ್ಲಿ ಮಾತ್ರ ಅದು ನಿರಾಧಾರವಾಗಿತ್ತು.

ಮುಂದಿನ ದಶಕಗಳಲ್ಲಿ ಸಂಘಗಳು ಮಳೆಗಾಲದ ಅಣಬೆಗಳಂತೆ ಎದ್ದವು. 1961ರಲ್ಲಿ ಕೇಂದ್ರ ಸರ್ಕಾರ ಕಾಂಡೊಮಿನಿಯಂ ಸಾಲಗಳಿಗೂ ವಿಮೆಯ ಆಸರೆ ಕೊಟ್ಟಿತು. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು 13ನೆಯ ಪ್ರಸ್ತಾವದ ಮೂಲಕ ಆಸ್ತಿ ತೆರಿಗೆಗೆ ಮಿತಿ ಹಾಕಿದ ಮೇಲೆ, ಹೊಸ ಬಡಾವಣೆಗಳ ರಸ್ತೆ, ದೀಪ, ಉದ್ಯಾನಗಳ ಹೊರೆಯನ್ನು ಸಂಘಗಳ ಹೆಗಲಿಗೆ ಹೊರಿಸುವುದು ಊರಾಡಳಿತಗಳಿಗೂ ಅನುಕೂಲವಾಗಿ ಕಂಡಿತು. 1970ರಲ್ಲಿ ದೇಶದಲ್ಲಿ ಸುಮಾರು 10,000 ಸಂಘಗಳಿದ್ದವೆಂದೂ ಈಗ ಮೂರೂವರೆ ಲಕ್ಷಕ್ಕೂ ಮಿಕ್ಕಿವೆಯೆಂದೂ ಸಂಘಗಳ ರಾಷ್ಟ್ರೀಯ ಸಂಸ್ಥೆಯ ಅಂದಾಜು. ನೆರೆಹೊರೆಯ ಐದಾರು ಜನ, ಸಂಬಳವಿಲ್ಲದೆ, ಸಂಜೆಯ ಬಿಡುವಿನಲ್ಲಿ, ಒಂದು ಸಣ್ಣ ಪುರಸಭೆಯನ್ನೇ ನಡೆಸಬೇಕಾಯಿತು. ತೆರಿಗೆಯೂ ಅವರದೇ, ಕಟ್ಟಳೆಯೂ ಅವರದೇ, ದಂಡವೂ ಅವರದೇ. ಪುರಸಭೆಗಿರುವ ಅಂಕುಶಗಳಲ್ಲಿ ಮಾತ್ರ ಅನೇಕವು ಇರಲಿಲ್ಲ.

ಹೀಗಿರುವಾಗ ಜಗಳವಾದರೆ ದಾರಿ ಯಾವುದು? ಬಹುಕಾಲ ಇದ್ದದ್ದು ಒಂದೇ ದಾರಿ, ನ್ಯಾಯಾಲಯ. ಅಲ್ಲಿ ಸೋತವನು ಗೆದ್ದವನ ವಕೀಲರ ಶುಲ್ಕವನ್ನೂ ತೆರಬೇಕೆಂಬ ನಿಯಮ ಕ್ಯಾಲಿಫೋರ್ನಿಯಾ, ಫ್ಲಾರಿಡಾಗಳಂಥ ರಾಜ್ಯಗಳ ಕಾಯಿದೆಯಲ್ಲಿದೆ. ನೂರು ಡಾಲರಿನ ದಂಡದ ಜಗಳ ಹತ್ತಾರು ಸಾವಿರ ಡಾಲರಿನ ಶುಲ್ಕದ ಜಗಳವಾಗಿ ಬೆಳೆಯುವುದು ಹೀಗೆ. ಶುಲ್ಕದ ಭಯದಿಂದ ಯಾರೂ ಹಿಂದೆ ಸರಿಯಲಾರರು, ಮುಂದೆಯೂ ಹೋಗಲಾರರು. ಸಂಘ ಖರ್ಚು ಮಾಡುವ ಹಣದಲ್ಲಿ ನಮ್ಮದೇ ವಂತಿಗೆಯೂ ಇದೆಯೆಂಬುದು ಇದರೊಳಗಿನ ಕಹಿ ವಿನೋದ.

ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಲಾಸ್ ಏಂಜಲೀಸ್ ಬಳಿಯ ಕಲ್ವರ್ ಸಿಟಿಯ ಒಂದು ಕಾಂಡೊಮಿನಿಯಂನಲ್ಲಿ ಮಹಿಳೆಯೊಬ್ಬರು ಮನೆಯೊಳಗೇ ಇರುವ ಮೂರು ಬೆಕ್ಕುಗಳನ್ನು ಸಾಕಿದ್ದರು. ಸಂಘ ದಂಡ ಹಾಕಿತು, ಆಕೆ ದಾವೆ ಹೂಡಿದರು. 1994ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಸಂಘದ ಪರ ತೀರ್ಪು ಕೊಟ್ಟಿತು. ನೋಂದಾಯಿತ ಕರಾರಿನ ನಿಯಮವು ಸಮಂಜಸವೆಂದೇ ಮೊದಲು ಭಾವಿಸಬೇಕು. ಈ ಬೆಕ್ಕುಗಳಿಂದ ಯಾರಿಗಾದರೂ ತೊಂದರೆಯಾಗಿದೆಯೇ ಎಂಬುದನ್ನಲ್ಲ, ಇಡೀ ಸಮುಚ್ಚಯಕ್ಕೆ ಆ ನಿಯಮ ಯುಕ್ತವೇ ಎಂಬುದನ್ನು ನೋಡಬೇಕು ಎಂಬುದು ಅದರ ಸಾರ. ವಿಚಿತ್ರವೆಂದರೆ 2001ರಿಂದ ಜಾರಿಗೆ ಬಂದ ಕಾಯಿದೆಯೊಂದು ರಾಜ್ಯದ ಮನೆಯೊಡೆಯರಿಗೆ ಕನಿಷ್ಠ ಒಂದು ಸಾಕುಪ್ರಾಣಿಯನ್ನು ಇಟ್ಟುಕೊಳ್ಳುವ ಹಕ್ಕನ್ನು ಕೊಟ್ಟಿತು. ನ್ಯಾಯಾಲಯದಲ್ಲಿ ಸೋತದ್ದು ಶಾಸನಸಭೆಯಲ್ಲಿ ಮೂರನೆಯ ಒಂದರಷ್ಟು ಗೆದ್ದಿತು.

ಇನ್ನೊಂದು, ಷಿಕಾಗೋದ್ದು. ಯೆಹೂದ್ಯ ಕುಟುಂಬವೊಂದು ತಮ್ಮ ಸಂಪ್ರದಾಯದಂತೆ ಬಾಗಿಲ ಚೌಕಟ್ಟಿಗೆ ಮೆಜೂಜಾ ಎಂಬ ಪುಟ್ಟ ಪವಿತ್ರ ಕೋಶವನ್ನು ಅಂಟಿಸಿತ್ತು. ನಡುಹಾದಿಯಲ್ಲಿ ಯಾವ ವಸ್ತುವೂ ಇರಕೂಡದೆಂಬ ನಿಯಮವನ್ನು ಹಿಡಿದು 2004ರಲ್ಲಿ ಸಂಘ ಅದನ್ನು ಕೀಳಿಸತೊಡಗಿತು. ಮೇಲ್ಮನವಿಯ ನ್ಯಾಯಾಲಯದ ಪೂರ್ಣಪೀಠ, ಈ ಕುಟುಂಬದ ದೂರು ವಿಚಾರಣೆಗೆ ಅರ್ಹವೆಂದು ಹೇಳಿದ್ದು 2009ರಲ್ಲಿ. ಅದು ಗೆಲುವೂ ಅಲ್ಲ, ವಿಚಾರಣೆಗೆ ಅನುಮತಿ ಮಾತ್ರ, ಅದಕ್ಕೇ ಐದು ವರ್ಷ. ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟುವ ನಮಗೆ ಈ ಮೊಕದ್ದಮೆ ದೂರದ್ದಲ್ಲ. ಟೆಕ್ಸಾಸ್ 2011ರಲ್ಲಿ, ಕ್ಯಾಲಿಫೋರ್ನಿಯಾ 2020ರಿಂದ, ಬಾಗಿಲಲ್ಲಿ ಧಾರ್ಮಿಕ ವಸ್ತುವನ್ನು ಇಡುವ ಹಕ್ಕನ್ನು ಕಾಯಿದೆಯಲ್ಲೇ ಬರೆದವು. ಹಾಗೆಯೇ ಒಂದು ಮೀಟರ್ ವ್ಯಾಸದೊಳಗಿನ ಡಿಶ್ ಆಂಟೆನಾವನ್ನು ನಮ್ಮ ಸ್ವಂತ ಬಳಕೆಯ ಜಾಗದಲ್ಲಿ ಹಾಕಿಕೊಳ್ಳುವುದನ್ನು ಸಂಘ ತಡೆಯಲಾಗದು ಎಂಬ ಕೇಂದ್ರದ ನಿಯಮ 1996ರದ್ದು. ಅದಕ್ಕಿಂತ ಮುಂಚೆ ಡಿಶ್ಶಿಗಾಗಿ ಜಗಳವಾಡಿದ ಹಿರಿಯರು ಈ ಸಭೆಯಲ್ಲೇ ಇದ್ದಾರೆ.

ಈಗ ಕಥೆಯ ಇನ್ನೊಂದು ಎಳೆಯನ್ನು ಹಿಡಿಯೋಣ. 1976ರ ಏಪ್ರಿಲ್ ತಿಂಗಳಲ್ಲಿ ಮಿನೆಸೋಟದ ಸೇಂಟ್ ಪಾಲ್ ನಗರದಲ್ಲಿ ನ್ಯಾಯಾಧೀಶರ, ವಕೀಲರ, ಪಂಡಿತರ ಒಂದು ದೊಡ್ಡ ಸಮ್ಮೇಳನ ಸೇರಿತು. ಅದೇ ನಗರದಲ್ಲಿ 1906ರಲ್ಲಿ ರಾಸ್ಕೋ ಪೌಂಡ್ ಎಂಬ ನ್ಯಾಯಶಾಸ್ತ್ರಜ್ಞ, ನ್ಯಾಯಾಡಳಿತದ ಬಗ್ಗೆ ಜನರಿಗೇಕೆ ಅಸಮಾಧಾನ ಎಂದು ಪ್ರಶ್ನಿಸಿ ಭಾಷಣ ಮಾಡಿದ್ದ. ಅದರ ನೆನಪಿಗಾಗಿ ಮುಖ್ಯ ನ್ಯಾಯಾಧೀಶ ವಾರೆನ್ ಬರ್ಗರ್ ಮುಂದಾಳತ್ವದಲ್ಲಿ ಸೇರಿದ ಸಭೆ ಅದು. ಅಲ್ಲಿ ಹಾರ್ವರ್ಡಿನ ಪ್ರೊಫೆಸರ್ ಫ್ರಾಂಕ್ ಸ್ಯಾಂಡರ್ ಒಂದು ಸರಳವಾದ ಮಾತು ಹೇಳಿದರು. ಎಲ್ಲ ಜಗಳಗಳನ್ನೂ ಒಂದೇ ಬಾಗಿಲಿನೊಳಗೆ ಏಕೆ ನೂಕಬೇಕು? ಬಂದವನ ಜಗಳದ ಸ್ವರೂಪವನ್ನು ಮೊದಲು ವಿಚಾರಿಸಿ, ಕೆಲವನ್ನು ಸಂಧಾನಕ್ಕೆ, ಕೆಲವನ್ನು ಪಂಚರ ತೀರ್ಪಿಗೆ, ಉಳಿದುದನ್ನು ನ್ಯಾಯಾಧೀಶರ ಮುಂದೆ ಕಳಿಸಬಾರದೇಕೆ? ಬಹುಬಾಗಿಲ ನ್ಯಾಯಾಲಯವೆಂದು ಈ ಕಲ್ಪನೆ ಆಮೇಲೆ ಹೆಸರಾಯಿತು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದ ಯಾರಿಗೂ ಇದು ಹೊಸತಲ್ಲ. ಬಾಗಿಲಲ್ಲೇ ನರ್ಸು ನೋಡಿ, ಯಾರನ್ನು ಶಸ್ತ್ರಚಿಕಿತ್ಸೆಗೆ, ಯಾರನ್ನು ಹೊಲಿಗೆ ಹಾಕುವ ಕೋಣೆಗೆ ಎಂದು ವಿಂಗಡಿಸುವಂತೆಯೇ ಇದು. ನಮ್ಮ ವೃತ್ತಿಗೂ ಅದೇ ದಶಕದಲ್ಲಿ ಇಂಥದೊಂದು ಮದ್ದು ಬಂದಿತ್ತು. 1975ರ ಇಂಡಿಯಾನಾ ಕಾಯಿದೆಯ ಪ್ರಕಾರ ವೈದ್ಯರ ಮೇಲಿನ ದೂರು ಸಾಮಾನ್ಯವಾಗಿ ಮೊದಲು ಮೂವರು ವೈದ್ಯವೃತ್ತಿಯವರು ಮತ್ತು ಒಬ್ಬ ವಕೀಲರಿರುವ ಮಂಡಳಿಯ ಮುಂದೆ ಹೋಗಬೇಕು, ನ್ಯಾಯಾಲಯ ಆಮೇಲೆ.

ಸ್ಯಾಂಡರ್ ಮಾತು ಬೇಗ ಬೀದಿಗಿಳಿಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಮ್ಯೂನಿಟಿ ಬೋರ್ಡ್ಸ್ ಎಂಬ ಸಂಸ್ಥೆ ಅದೇ ವರ್ಷ ಹುಟ್ಟಿ, ತರಬೇತಾದ ನೆರೆಹೊರೆಯವರನ್ನೇ ಸಂಧಾನಕ್ಕೆ ಕೂರಿಸಿತು. 1978ರಲ್ಲಿ ಕೇಂದ್ರ ಸರ್ಕಾರ ಅಟ್ಲಾಂಟ, ಕಾನ್ಸಾಸ್ ಸಿಟಿ ಮತ್ತು ಲಾಸ್ ಏಂಜಲೀಸ್‌ಗಳಲ್ಲಿ ನೆರೆಹೊರೆಯ ನ್ಯಾಯಕೇಂದ್ರಗಳನ್ನು ತೆರೆಯಿತು. ಇವನ್ನು ದೇಶದುದ್ದಕ್ಕೂ ಹಬ್ಬಿಸಲು 1980ರಲ್ಲಿ ಕಾಯಿದೆಯಾಯಿತು, ಆದರೆ ಅದಕ್ಕೆ ಹಣವನ್ನೇ ಒದಗಿಸಲಿಲ್ಲ. ಸರ್ಕಾರಗಳು ಎಲ್ಲಿಯೂ ಒಂದೇ! ಕ್ಯಾಲಿಫೋರ್ನಿಯಾ 1986ರಲ್ಲಿ ಜಾಣತನ ಮಾಡಿ, ಸಿವಿಲ್ ದಾವೆ ಹೂಡುವಾಗ ಕಟ್ಟುವ ಶುಲ್ಕದಲ್ಲೇ ಸ್ವಲ್ಪ ಭಾಗವನ್ನು ಜಿಲ್ಲೆಯ ಸಂಧಾನ ಕೇಂದ್ರಗಳಿಗೆ ತಿರುಗಿಸಿತು.

ಆ ಹೊತ್ತಿಗೆ, 1985ರಲ್ಲಿ, ಆ ರಾಜ್ಯದ ಸಂಘಗಳೆಲ್ಲ ಡೇವಿಸ್-ಸ್ಟರ್ಲಿಂಗ್ ಕಾಯಿದೆಯ ಅಡಿಗೆ ಬಂದಿದ್ದವು. 1993ರ ತಿದ್ದುಪಡಿಯಲ್ಲಿ ಎರಡು ಎಳೆಗಳೂ ಕೂಡಿಕೊಂಡವು: ಕರಾರನ್ನು ಜಾರಿಗೊಳಿಸಲು ದಾವೆ ಹೂಡುವ ಮುಂಚೆ ಸಂಧಾನ ಅಥವಾ ಪಂಚರ ತೀರ್ಪಿಗೆ ಪ್ರಯತ್ನಿಸಿರಬೇಕು. 2005ರ ಜನವರಿಯಿಂದ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು, ಸಂಘದೊಳಗೇ ನಡೆಯುವ ಮಾತುಕತೆಯನ್ನು ಕಾಯಿದೆ ಗುರುತಿಸಿತು. ಮನೆಯೊಡೆಯನು ಲಿಖಿತವಾಗಿ ಕೇಳಿದರೆ ಸಂಘ ಒಲ್ಲೆನೆನ್ನುವಂತಿಲ್ಲ. ಸಂಘ ಕರೆದರೆ ಮನೆಯೊಡೆಯ ಒಲ್ಲೆನೆನ್ನಬಹುದು. ಬಲಹೀನನ ಕಡೆಗೆ ತುಸು ವಾಲಿರುವ ಈ ತಕ್ಕಡಿ ನನಗೆ ಬಹಳ ಮೆಚ್ಚಿಗೆ. ಸಂಘ ತನ್ನದೇ ಬೇರೆ ಕ್ರಮವನ್ನು ಮಾಡಿಕೊಂಡಿರದಿದ್ದರೆ, ಮಂಡಳಿಯ ನಿರ್ದೇಶಕರೊಬ್ಬರು ಬಂದು ಕೂರುತ್ತಾರೆ. ಮನೆಯೊಡೆಯನಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಒಪ್ಪಂದವಾದರೆ ಬರೆದು ಇಬ್ಬರೂ ರುಜು ಹಾಕಬೇಕು. ಅಲ್ಲಿ ಬಗೆಹರಿಯದಿದ್ದರೆ ಮೊದಲಿನ ಸಂಧಾನದ ದಾರಿ. ಕೋರಿಕೆ ತಲುಪಿದವರು 30 ದಿನಗಳಲ್ಲಿ ಉತ್ತರಿಸಬೇಕು, ಸುಮ್ಮನಿದ್ದರೆ ನಿರಾಕರಿಸಿದಂತೆ. ಒಪ್ಪಿದರೆ 90 ದಿನಗಳಲ್ಲಿ ಮುಗಿಯಬೇಕು. ಆ ಅವಧಿಯಲ್ಲಿ ದಾವೆಯ ಕಾಲಮಿತಿ ಓಡುವುದಿಲ್ಲ. ಸಕಾರಣವಿಲ್ಲದೆ ನಿರಾಕರಿಸಿದವನು ಮುಂದೆ ಗೆದ್ದರೂ, ವಕೀಲರ ಶುಲ್ಕವನ್ನು ನಿರ್ಧರಿಸುವಾಗ ನ್ಯಾಯಾಧೀಶರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಫ್ಲಾರಿಡಾದಲ್ಲಿಯೂ ಅನೇಕ ವಿವಾದಗಳಿಗೆ ದಾವೆಗೆ ಮುಂಚಿನ ಸಂಧಾನ ಕಡ್ಡಾಯ. ಅಲ್ಲಿ ಉತ್ತರಿಸಲು 20 ದಿನ, ಭಾಗವಹಿಸದವನಿಗೆ ಶುಲ್ಕ ಕೇಳುವ ಹಕ್ಕಿಲ್ಲ. ನೆವಾಡಾ 1995ರಲ್ಲೇ ಇಂಥ ಕಾಯಿದೆ ಮಾಡಿತ್ತು. ಎಲ್ಲ ರಾಜ್ಯಗಳಲ್ಲೂ ಹೀಗಿಲ್ಲ. ಅವರವರ ರಾಜ್ಯದ ಕಾಯಿದೆಯನ್ನು ಅವರವರು ನೋಡಿಕೊಳ್ಳಬೇಕು.

ಈಗ ನನ್ನ ತುಳಸಿಕಟ್ಟೆ. ಒಂದು ಗುರುವಾರ ಸಂಜೆ ಕ್ಲಬ್ ಹೌಸಿನ ಮೂಲೆಯ ಕೋಣೆಯಲ್ಲಿ ಮಂಡಳಿಯ ನಿರ್ದೇಶಕಿಯೊಬ್ಬರು, ನಿವೃತ್ತ ಶಾಲಾ ಶಿಕ್ಷಕಿ, ಕಾಫಿ ಹಿಡಿದು ಕೂತಿದ್ದರು. ನಾನು ಧಾರ್ಮಿಕ ಸ್ವಾತಂತ್ರ್ಯದ ಮೇಲೆ ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಮೊದಲು ಕೇಳಿದ ಪ್ರಶ್ನೆ, "ಅದು ಏನು?" ಎಂದು. ಐದು ಪತ್ರಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೇಳಿದೆ. ಬಳಿಕ ಅವರು ಒಂದು ನಕ್ಷೆಯನ್ನು ಬಿಚ್ಚಿ ತೋರಿಸಿದರು. ಆ ಹುಲ್ಲಂಚಿನ ಕೆಳಗೆ ಸಂಘದ ತುಂತುರು ನೀರಾವರಿಯ ಮುಖ್ಯ ಕೊಳವೆ ಹಾದುಹೋಗಿತ್ತು. ಹಿಂದಿನ ವರ್ಷ ಇನ್ನೊಂದು ಬೀದಿಯಲ್ಲಿ ಹೀಗೆಯೇ ಸಿಮೆಂಟು ಹಾಕಿದವರಿಂದ ಕೊಳವೆ ಒಡೆದು, ಎರಡು ಮನೆಗಳ ಗ್ಯಾರೇಜಿಗೆ ನೀರು ನುಗ್ಗಿತ್ತಂತೆ. ಪತ್ರಗಳಲ್ಲಿದ್ದದ್ದು ನಿಯಮದ ಸಂಖ್ಯೆ ಮಾತ್ರ, ಕೊಳವೆಯ ಸುದ್ದಿಯೇ ಇರಲಿಲ್ಲ. ಎದೆನೋವೆಂದು ಬಂದ ರೋಗಿಯನ್ನು ಒಂದು ಮಾತೂ ಕೇಳದೆ ಎದೆ ಸೀಳುವ ವೈದ್ಯನನ್ನು ನಾವು ಏನೆಂದು ಕರೆಯುತ್ತೇವೆ? ನಾನು ಮಾಡಹೊರಟಿದ್ದು ಅದನ್ನೇ.

ನಲವತ್ತು ನಿಮಿಷಗಳಲ್ಲಿ ಮಾತು ಮುಗಿಯಿತು. ಕಟ್ಟೆ ಮುಂಬಾಗಿಲ ಪಕ್ಕಕ್ಕೆ, ಆರಡಿ ಒಳಕ್ಕೆ ಹೋಗಬೇಕು. ನಾನು ಅರ್ಜಿ ಹಾಕಬೇಕು. ದಂಡದಲ್ಲಿ ಮೊದಲ ಕಂತನ್ನು ಕಟ್ಟಬೇಕು, ಉಳಿದದ್ದು ಮಾಫಿ. ತಾಯಿಯವರಿಗೆ ಪೂರ್ವದಿಕ್ಕು ಮುಖ್ಯವಾಗಿತ್ತು, ಹೊಸ ಜಾಗವೂ ಪೂರ್ವಕ್ಕೇ ಇತ್ತು.

ಎಲ್ಲರ ಮಾತುಕತೆಯೂ ಹೀಗೆ ಸುಖಾಂತವಾಗುತ್ತದೆಂದು ನಾನು ಹೇಳಲಾರೆ. ನಮ್ಮ ಸ್ನೇಹಿತರೊಬ್ಬರ ಸಂಘದವರು ಬಂದು ಕೂತು, ಗಡಿಯಾರ ನೋಡುತ್ತ, ಕಾಯಿದೆಯ ಶಾಸ್ತ್ರ ಮುಗಿಸಿ ಎದ್ದುಹೋದರು. ಸಂಧಾನಕಾರನಿಗೆ ತೀರ್ಪು ಹೇರುವ ಅಧಿಕಾರವಿಲ್ಲ. ಅವನ ಶುಲ್ಕವನ್ನು ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಡೆಯವರೇ ಕೊಡಬೇಕು, ಸಂಘಕ್ಕೆ ಅದು ಹಗುರ, ಒಂಟಿ ಸಂಸಾರಕ್ಕೆ ಭಾರ. ಜನಾಂಗ, ಧರ್ಮ, ಅಂಗವೈಕಲ್ಯಗಳ ಕಾರಣಕ್ಕೆ ನಿಜವಾಗಿಯೂ ಅನ್ಯಾಯವಾಗಿದ್ದರೆ ಸರ್ಕಾರದ ವಸತಿ ಇಲಾಖೆಗೆ ದೂರು ಕೊಡುವ ದಾರಿ ಬೇರೆಯೇ ಇದೆ. ಅದನ್ನು ಸಂಧಾನದ ಹೆಸರಿನಲ್ಲಿ ಮುಂದೂಡಬೇಕಾಗಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಜಗಳ ಏನೇ ಇರಲಿ, ಮಾಸಿಕ ವಂತಿಗೆಯನ್ನು ನಿಲ್ಲಿಸಬೇಡಿ. ಸಿಟ್ಟಿನಿಂದ ನಮ್ಮವರು ಮೊದಲು ಮಾಡುವುದೇ ಅದನ್ನು. ನೆಪಾನ್ಸಿಟ್ ತೀರ್ಪಿನಿಂದ ಬಂದ ಬಲ ಅಲ್ಲೇ ಇದೆ. 2001ರಲ್ಲಿ ಹ್ಯೂಸ್ಟನ್ನಿನ 80 ದಾಟಿದ ವಿಧವೆಯೊಬ್ಬರ, ಸುಮಾರು ಒಂದೂವರೆ ಲಕ್ಷ ಡಾಲರ್ ಬೆಲೆಯ ಮನೆ, ಸಾವಿರ ಡಾಲರಿಗೂ ಕಡಿಮೆಯ ಬಾಕಿಗಾಗಿ 5,000 ಡಾಲರಿಗೆ ಹರಾಜಾಯಿತು. ಅದೇ ವರ್ಷ ಟೆಕ್ಸಾಸ್ ಶಾಸನಸಭೆ ಮುಂಗಡ ನೋಟಿಸು, ಮಂಡಳಿಯ ಮುಂದೆ ವಿಚಾರಣೆ, ಹರಾಜಾದ ಮೇಲೂ 180 ದಿನಗಳೊಳಗೆ ಮನೆಯನ್ನು ಬಿಡಿಸಿಕೊಳ್ಳುವ ಅವಕಾಶಗಳನ್ನು ಕಾಯಿದೆಗೆ ಸೇರಿಸಿತು. ಕ್ಯಾಲಿಫೋರ್ನಿಯಾದಲ್ಲಿ 2006ರಿಂದ, ವಂತಿಗೆಯ ಬಾಕಿ 1,800 ಡಾಲರ್ ಮುಟ್ಟುವವರೆಗೆ ಅಥವಾ 12 ತಿಂಗಳು ಮೀರುವವರೆಗೆ ಮನೆಯನ್ನು ಹರಾಜಿಗೆ ತರುವಂತಿಲ್ಲ. ವಂತಿಗೆಯ ಲೆಕ್ಕ ತಪ್ಪೆನಿಸಿದರೆ, ಆಕ್ಷೇಪವನ್ನು ಬರೆದು ತಿಳಿಸಿ ಹಣ ಕಟ್ಟಿ, ಆಮೇಲೆ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಕೇಳಬಹುದು.

ಕೊನೆಯದಾಗಿ ಹೊಸ ಸುದ್ದಿ. 2025ರ ಜುಲೈಯಿಂದ ಕ್ಯಾಲಿಫೋರ್ನಿಯಾದ ಸಂಘಗಳು, ಆರೋಗ್ಯ ಅಥವಾ ಸುರಕ್ಷತೆಗೆ ಧಕ್ಕೆಯಾಗುವ ಸಂದರ್ಭಗಳನ್ನು ಬಿಟ್ಟರೆ, ಒಂದು ಉಲ್ಲಂಘನೆಗೆ 100 ಡಾಲರಿಗಿಂತ ಹೆಚ್ಚು ದಂಡ ಹಾಕುವಂತಿಲ್ಲ. ವಿಚಾರಣೆಗೆ ಮುಂಚೆ ತಪ್ಪನ್ನು ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕು. ಅಲ್ಲಿಯೂ ಒಮ್ಮತ ಬಾರದಿದ್ದರೆ ಮನೆಯೊಡೆಯನು ಆ ಗುರುವಾರದ ಸಂಜೆಯಂಥ ಮಾತುಕತೆಯನ್ನು ಕೇಳಬಹುದೆಂದು ಅದೇ ಕಾಯಿದೆಯಲ್ಲಿ ಬರೆದಿದೆ. ಸಂಘದಿಂದ ಬಂದ ಲಕೋಟೆಗಳನ್ನು ತೆರೆಯದೆ ಡ್ರಾಯರಿನಲ್ಲಿ ಇಟ್ಟವರು ಇಲ್ಲಿ ಯಾರಾದರೂ ಇದ್ದರೆ, ಊಟದ ನಂತರ ನನ್ನ ಬಳಿಗೆ ಬನ್ನಿ. ಕಾರ್ಯದರ್ಶಿಗಳು ಬಿಸಿಬೇಳೆಭಾತ್ ಆರುತ್ತಿದೆಯೆಂದು ಬಾಗಿಲಿನಿಂದ ಸನ್ನೆ ಮಾಡುತ್ತಿದ್ದಾರೆ.